ಹತ್ತೂವರೆ ಗಂಟೆಯ ದೋಸೆ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ತಟ್ಟೆಗೆ ಬಿದ್ದ ದೋಸೆ ತಿಂಡಿಯೋ, ಊಟವೋ? ಬೆಂಗಳೂರಿನ ಹನುಮಂತನಗರದ ಒಂದು ಮನೆಯಲ್ಲಿ ಈ ಪ್ರಶ್ನೆ ಎತ್ತಿದವನು ಎಂಟನೇ ತರಗತಿಯ ಹುಡುಗ. ಪತ್ರಿಕೆಯ ಜೊತೆಗೆ ಬಂದ ಜಾಹೀರಾತಿನ ಹಾಳೆಯಲ್ಲಿ ದೊಡ್ಡ ಹೋಟೆಲೊಂದು ‘ಸಂಡೇ ಬ್ರಂಚ್’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿತ್ತು. ತಲೆಗೆ ಎಷ್ಟು ಸಾವಿರ ಎಂಬುದು ಮಾತ್ರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

“ಬ್ರಂಚ್ ಅಂದ್ರೆ ಏನು?” ಎಂದ ಹುಡುಗ.

“ಬ್ರೇಕ್‌ಫಾಸ್ಟು, ಲಂಚು ಎರಡೂ ಸೇರಿದ್ದು. ಎರಡು ಹೊತ್ತಿನದು ಒಂದೇ ಹೊತ್ತಿಗೆ” ಎಂದಳು ದ್ವಿತೀಯ ಪಿಯುಸಿ ಓದುತ್ತಿದ್ದ ಅಕ್ಕ.

ಹುರುಳಿಕಾಯಿ ಬಿಡಿಸುತ್ತ ಕೂತಿದ್ದ ಅಜ್ಜಿಗೆ ಲೆಕ್ಕ ಸರಿಹೋಗಲಿಲ್ಲ. “ಎರಡು ಹೊತ್ತಿನದು ಒಂದೇ ಹೊತ್ತಿಗೆ ಮುಗಿಸಿದರೆ ದುಡ್ಡು ಕಡಿಮೆ ಆಗಬೇಕಲ್ಲವೇನೇ? ಇವರು ಹತ್ತರಷ್ಟು ಕೇಳ್ತಾರಲ್ಲ!”

ಈ ಹೆಸರಿಗೆ ನೂರು ವರ್ಷಕ್ಕೂ ಮೇಲಿನ ವಯಸ್ಸಿದೆ. ಇಂಗ್ಲೆಂಡಿನ ಗೈ ಬೆರಿಂಜರ್ ಎಂಬಾತ 1895ರಲ್ಲಿ ‘ಹಂಟರ್ಸ್ ವೀಕ್ಲಿ’ ಎಂಬ ವಾರಪತ್ರಿಕೆಯಲ್ಲಿ ಬ್ರಂಚ್‌ಗಾಗಿ ಒಂದು ಅಹವಾಲನ್ನೇ ಬರೆದ. ಭಾನುವಾರ ಚರ್ಚಿನಿಂದ ಬಂದವರು ಮಾಂಸದ ಭಾರೀ ಊಟಕ್ಕೆ ಕೂರುವ ಪದ್ಧತಿ ಅವನಿಗೆ ಹಿಡಿಸುತ್ತಿರಲಿಲ್ಲ. ತಡವಾಗಿ ಎದ್ದು, ಚಹಾ ಕಾಫಿಯಿಂದ ಹಗುರವಾಗಿ ಶುರುಮಾಡಿ, ಮಾತಾಡುತ್ತ ಮಾತಾಡುತ್ತ ಊಟದ ಕಡೆಗೆ ಸಾಗಿದರೆ ಮನಸ್ಸಿಗೂ ಹಿತ, ಶನಿವಾರ ರಾತ್ರಿ ನಿದ್ದೆಗೆಟ್ಟವರಿಗೂ ಹಿತ ಎಂಬುದು ಅವನ ವಾದ. ಮರುವರ್ಷ ‘ಪಂಚ್’ ಪತ್ರಿಕೆ ಈ ಹೊಸ ಪದವನ್ನು ಲೇವಡಿ ಮಾಡುತ್ತಲೇ ಮೆಚ್ಚಿಕೊಂಡಿತು. ಆಕ್ಸ್‌ಫರ್ಡಿನಲ್ಲಿ ಇದರಲ್ಲೂ ಎರಡು ಬಗೆ ಮಾಡಿದ್ದರಂತೆ. ತಿಂಡಿಯ ಹೊತ್ತಿಗೆ ಹತ್ತಿರವಾದದ್ದು ಬ್ರಂಚ್, ಮಧ್ಯಾಹ್ನದ ಊಟಕ್ಕೆ ಹತ್ತಿರವಾದದ್ದು ಬ್ಲಂಚ್! ವಿದ್ಯಾರ್ಥಿಗಳಿರುವ ಊರಿನಲ್ಲಿ ಇಂಥ ಸೂಕ್ಷ್ಮಗಳು ಹುಟ್ಟುವುದು ಸಹಜವೇ. ತಡವಾಗಿ ಏಳುವವರಿಗೆ ತಿನ್ನಲು ಏನು ಸಿಗಬೇಕೆಂದು ಬೆರಿಂಜರ್ ಬಣ್ಣಿಸಿದ, ಸರಿ. ಅದನ್ನು ಬೇಯಿಸುವವರು ಎಷ್ಟು ಹೊತ್ತಿಗೆ ಏಳಬೇಕು ಎಂಬುದು ಬೇರೆ ಮಾತು.

ಅಜ್ಜಿಗೆ ಹೆಸರು ಹೊಸದು, ಹೊತ್ತು ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಬೆಳಗಿನ ತಿಂಡಿ ಎಂಬುದೇ ಇರಲಿಲ್ಲ. ಎದ್ದೊಡನೆ ಕಾಫಿ. ಕಚೇರಿಗೆ ಹೋಗುವ ಗಂಡಸರಿಗೆ, ಇಸ್ಕೂಲಿಗೆ ಹೋಗುವ ಮಕ್ಕಳಿಗೆ ಒಂಬತ್ತೂವರೆ ಹತ್ತಕ್ಕೆಲ್ಲ ಅನ್ನ, ಸಾರು, ಪಲ್ಯ, ಮಜ್ಜಿಗೆಯ ಪೂರ್ತಿ ಊಟ. ಸಂಜೆ ಬಂದ ಮೇಲೆ ಉಪ್ಪಿಟ್ಟೋ ಅವಲಕ್ಕಿಯೋ ತಿಂಡಿ. ಆಮೇಲೆ ರಾತ್ರಿ ಊಟ. ಹೊಲಗೆಲಸದ ಮನೆಗಳಲ್ಲೂ ಹೊತ್ತೇರಿದ ಮೇಲೆ ಬುತ್ತಿ ಬಿಚ್ಚುವುದೇ ದಿನದ ಮೊದಲ ದೊಡ್ಡ ಊಟ. ಬ್ರಂಚನ್ನು ಕಂಡುಹಿಡಿದವರು ತಾವೇ ಎಂದು ಇವರ‍್ಯಾರೂ ಹೇಳಿಕೊಳ್ಳಲಿಲ್ಲ, ಅಷ್ಟೆ. “ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದರೆ ನಾನು ಎಲೆ ಮುಂದೆ ಕೂರುವಾಗ ಹನ್ನೆರಡೂವರೆ” ಎಂದು ಅಜ್ಜಿ ಮಾತಿಗೆ ಮಾತು ಸೇರಿಸಿದರು. ಆ ಹೊತ್ತಿಗೆ ಯಾರೂ ಆ ಮಾತಿಗೆ ಕಿವಿಗೊಡಲಿಲ್ಲ.

ಈ ಮನೆಗೆ ಹತ್ತೂವರೆಯ ತಿಂಡಿ ಬಂದದ್ದು ಷೋಕಿಯಿಂದಲ್ಲ, ಕೋಚಿಂಗ್ ಕ್ಲಾಸಿನಿಂದ. ಮಗಳಿಗೆ ಭಾನುವಾರ ಏಳರಿಂದ ಹತ್ತರವರೆಗೆ ಟೆಸ್ಟು. ಮಿಕ್ಕ ಆರು ದಿನ ಈ ಮನೆಯಲ್ಲಿ ಐವರೂ ಒಟ್ಟಿಗೆ ಕೂತು ಉಣ್ಣುವುದು ಸಾಧ್ಯವೇ ಇಲ್ಲ. ತಂದೆ ಬ್ಯಾಂಕಿನಲ್ಲಿ, ತಾಯಿ ಸರ್ಕಾರಿ ಕಚೇರಿಯಲ್ಲಿ, ಹುಡುಗನಿಗೆ ಬೆಳಿಗ್ಗೆಯೇ ಶಾಲೆಯ ವ್ಯಾನು. ಒಬ್ಬೊಬ್ಬರ ಡಬ್ಬಿ ಒಂದೊಂದು ದಿಕ್ಕಿಗೆ ಹೊರಡುತ್ತದೆ. ರಾತ್ರಿಯೂ ಅಷ್ಟೆ, ಒಬ್ಬರು ತಟ್ಟೆ ತೊಳೆಯುವಾಗ ಇನ್ನೊಬ್ಬರು ಚಪ್ಪಲಿ ಕಳಚುತ್ತಿರುತ್ತಾರೆ. ಹಾಗಾಗಿ ಭಾನುವಾರ ಮಗಳು ಬರುವವರೆಗೆ ಬಿಸ್ಕತ್ತು ತಿಂದುಕೊಂಡು ಕಾಯುವುದು, ಬಂದ ಮೇಲೆ ಎಲ್ಲರೂ ಒಟ್ಟಿಗೆ ದೋಸೆ ತಿನ್ನುವುದು ಎಂದು ಮನೆಯವರೇ ಒಂದು ಕಾನೂನು ಮಾಡಿಕೊಂಡರು. ಟೆಸ್ಟಿನಲ್ಲಿ ಎಷ್ಟು ಬಂತು ಎಂದು ಪಲ್ಯ ಬಡಿಸುವ ಮೊದಲು ಕೇಳಕೂಡದು ಎಂಬ ಉಪಕಾನೂನೂ ಸೇರಿತು. ಅದನ್ನು ತಂದೆ ವಾರ ಬಿಟ್ಟು ವಾರ ಮುರಿಯುತ್ತಿದ್ದರು.

ಭಾನುವಾರದ ದೋಸೆ ಶುರುವಾಗುವುದು ಶನಿವಾರ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ರುಬ್ಬುವ ಮುಂಚೆ ಒಂದು ಹಿಡಿ ಅವಲಕ್ಕಿ. ಮಧ್ಯಾಹ್ನ ನೆನೆಹಾಕಿ ಸಂಜೆ ರುಬ್ಬಿ, ಉಕ್ಕಿದರೆ ಚೆಲ್ಲದ ಹಾಗೆ ದೊಡ್ಡ ಪಾತ್ರೆಗೆ ಸುರಿದು ಮುಚ್ಚಿಡಬೇಕು. ರಾತ್ರಿಯಿಡೀ ಆ ಪಾತ್ರೆಯೊಳಗೆ ನಡೆಯುವುದನ್ನು ಹಿರಿಯರು ‘ಹುಳಿ ಬರುವುದು’ ಎಂದರು, ವಿಜ್ಞಾನಿಗಳು ಹುದುಗುವಿಕೆ ಎಂದರು. ಅಕ್ಕಿ ಬೇಳೆಗಳ ಜೊತೆಯಲ್ಲೇ ಬಂದ ಬ್ಯಾಕ್ಟೀರಿಯಾಗಳು, ಅದರಲ್ಲೂ ಲ್ಯೂಕನೋಸ್ಟಾಕ್ ಎಂಬ ಜಾತಿಯವು, ಹಿಟ್ಟಿನ ಸಕ್ಕರೆಯನ್ನು ತಿಂದು ಆಮ್ಲವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತವೆ. ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಡುತ್ತದೆ, ಹಿಟ್ಟು ಉಬ್ಬುತ್ತದೆ. ಕಾದ ಹೆಂಚಿನ ಮೇಲೆ ಗಾಳಿ ಒಡೆದು ಹೊರಬಿದ್ದ ಕಡೆಯೆಲ್ಲ ತೂತು. ಎಲ್ಲರ ಮನೆ ದೋಸೆಯೂ ತೂತೇ ಎನ್ನುವ ಗಾದೆಗೆ ಕಾರಣ ಇಷ್ಟೇ ಸಣ್ಣ ಜೀವಿ. ಬೆಂಗಳೂರಿನ ಜನವರಿಯ ರಾತ್ರಿಗಳಲ್ಲಿ ಮಾತ್ರ ಈ ಜೀವಿಗಳೂ ಹೊದ್ದು ಮಲಗುತ್ತವೆ. ಆಗ ಹಿಟ್ಟಿನ ಪಾತ್ರೆಗೆ ಹಳೆಯ ಶಾಲು ಸುತ್ತಿ ಫ್ರಿಜ್ಜಿನ ಹಿಂಬದಿಯ ಬೆಚ್ಚಗಿನ ಜಾಗದಲ್ಲಿಡಬೇಕು. ನಡುರಾತ್ರಿ ಎದ್ದು ಮುಚ್ಚಳ ತೆಗೆದು ನೋಡುವುದು ತಾಯಿಯ ಕೆಲಸ. ಮಕ್ಕಳು ಚಿಕ್ಕವರಿದ್ದಾಗ ಜ್ವರ ನೋಡಲು ಏಳುತ್ತಿದ್ದ ಹಾಗೆ.

ಇಷ್ಟೆಲ್ಲ ಆಗಿ ಹತ್ತೂವರೆಗೆ ಹೆಂಚು ಕಾಯುತ್ತದೆ. ದೋಸೆಯ ಸುಖವೂ ಕಷ್ಟವೂ ಒಂದೇ: ಅದು ಕಾಯುವುದಿಲ್ಲ. ಅನ್ನ ಸಾರು ಮಾಡಿಟ್ಟರೆ ಎಲ್ಲರೂ ಒಟ್ಟಿಗೆ ಕೂರಬಹುದು. ಇಡ್ಲಿಯಾದರೆ ಒಂದು ಸಲಕ್ಕೆ ಹದಿನಾರು ಬೇಯುತ್ತವೆ. ದೋಸೆ ಮಾತ್ರ ಒಂದೊಂದಾಗಿ ಹುಟ್ಟಬೇಕು, ಹುಟ್ಟಿದೊಡನೆ ತಟ್ಟೆಗೆ ಬೀಳಬೇಕು. ಎರಡು ನಿಮಿಷ ತಡವಾದರೆ ಗರಿಯೆಲ್ಲ ಹೋಗಿ ಒದ್ದೆ ಬಟ್ಟೆಯಾಗುತ್ತದೆ. ಒಂದು ಹೆಂಚು, ಒಂದು ದೋಸೆಗೆ ಎರಡೂವರೆ ನಿಮಿಷ, ನಾಲ್ವರಿಗೆ ಹನ್ನೆರಡು ದೋಸೆ: ಅರ್ಧ ಗಂಟೆ. ಈ ಲೆಕ್ಕ ಹಾಕಿದವನು ಹುಡುಗನೇ. ಐವರ ಮನೆಯಲ್ಲಿ ನಾಲ್ವರಿಗೆ ಮಾತ್ರ ಯಾಕೆ ಲೆಕ್ಕ ಹಾಕಿದ ಎಂದು ಅವನಿಗೂ ಹೊಳೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯಿದೆ. ದೋಸೆಯ ದಿನ ಇಬ್ಬರೂ ಒಬ್ಬಳೇ.

ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ಹೋರಾಡಿ 1890ರಲ್ಲಿ ಭಾನುವಾರದ ರಜೆ ಪಡೆದುಕೊಂಡರು. ಅಡುಗೆಮನೆಗೆ ಆ ರಜೆ ಇನ್ನೂ ಬಂದಿಲ್ಲ.

ಜನವರಿಯ ಒಂದು ಭಾನುವಾರ ಶಾಲಿಗೂ ಬಗ್ಗದೆ ಹಿಟ್ಟು ಹಾಗೇ ಕೂತಿತ್ತು. “ಇವತ್ತು ಹೊರಗೇ ಹೋಗೋಣ” ಎಂದರು ತಂದೆ. ಎಲ್ಲಿಗೆ ಎಂಬುದರ ಮೇಲೆ ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಹೊರಗಿನ ತಡ ತಿಂಡಿಗೆ ಕರ್ನಾಟಕದಲ್ಲಿ ಊರಿಗೊಂದು ಹೆಸರಿದೆ. ಮೈಸೂರಿಗೆ ಹೋದವರು ನಜರಬಾದಿನ ಮೈಲಾರಿಯಲ್ಲಿ ಬಾಯಲ್ಲಿ ಕರಗುವ ದೋಸೆಗೆ ಕಾಯುತ್ತಾರೆ. ದಾವಣಗೆರೆಯವರ ಮುಂದೆ ಬೇರೆ ಯಾವ ಊರಿನ ಬೆಣ್ಣೆದೋಸೆಯನ್ನೂ ಹೊಗಳುವಂತಿಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನ ಕಥೆ 1924ರಷ್ಟು ಹಿಂದಕ್ಕೆ ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಿಂದ ಇಡ್ಲಿ ಮಾಡಿ ನೋಡಿದ್ದು ತಾವೇ ಎಂದು ಅವರು ಹೇಳಿಕೊಳ್ಳುತ್ತಾರೆ. ಪಕ್ಕದ ಮನೆಯವರದು ಇನ್ನೊಂದು ದಾರಿ. ಅವರು ಭಾನುವಾರ ಹೊತ್ತಿಗೆ ಮುಂಚೆಯೇ ಮಿಲಿಟರಿ ಹೋಟೆಲಿನ ಮುಂದೆ ದೊನ್ನೆ ಬಿರಿಯಾನಿಗೆ ನಿಂತಿರುತ್ತಾರೆ. ಅವರ ಮಗನಂತೂ ಸ್ನೇಹಿತರ ಜೊತೆ ಬೆಳಗಿನ ಜಾವ ನಾಲ್ಕಕ್ಕೆ ಹೊಸಕೋಟೆಗೆ ಬೈಕಿನಲ್ಲಿ ಹೋಗಿ ಬಿರಿಯಾನಿ ತಿಂದು ಬರುತ್ತಾನೆ. ಅದನ್ನು ತಿಂಡಿ ಎನ್ನಬೇಕೋ, ಹಿಂದಿನ ರಾತ್ರಿಯ ಊಟ ಎನ್ನಬೇಕೋ, ಆಕ್ಸ್‌ಫರ್ಡಿನವರೇ ಹೇಳಬೇಕು. ಜಾಹೀರಾತಿನ ಬ್ರಂಚ್ ಬಗ್ಗೆ ಹುಡುಗ ಒಂದು ಮಾತು ಎತ್ತಿದ. ತಂದೆ ಕೇಳಿಸದವರಂತೆ ಸ್ಕೂಟರಿನ ಬೀಗದ ಕೈ ಹುಡುಕಿದರು.

ಕೊನೆಗೆ ಹೋದದ್ದು ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ. 1943ರಲ್ಲಿ ಶುರುವಾದಾಗ ಅದು ಹೆಸರಿಗೆ ತಕ್ಕ ಹಾಗೆ ಸುತ್ತಮುತ್ತಲಿನ ಶಾಲೆ ಕಾಲೇಜಿನ ಹುಡುಗರಿಗಾಗಿ ತೆರೆದ ಸಣ್ಣ ಹೋಟೆಲು. ಆ ಹುಡುಗರು ತಂದೆಗಳಾಗಿ, ತಾತಂದಿರಾಗಿ, ಮೊಮ್ಮಕ್ಕಳ ಕೈ ಹಿಡಿದು ಇಂದೂ ಬರುತ್ತಾರೆ. ಗೋಡೆಯ ಮೇಲೆ ಸಾಹಿತಿಗಳ ರೇಖಾಚಿತ್ರಗಳು. ಭಾನುವಾರವಾದರೆ ಬಾಗಿಲಲ್ಲಿ ಹೆಸರು ಬರೆಸಿ ರಸ್ತೆಯಲ್ಲೇ ನಿಲ್ಲಬೇಕು. ಹಾಗೆ ನಿಲ್ಲುವುದೂ ತಿಂಡಿಯ ಒಂದು ಭಾಗವೇ. ಹೂವಿನ ಅಂಗಡಿಯವರ ಕೂಗು, ತರಕಾರಿ ಚೀಲ ಹಿಡಿದವರ ಓಡಾಟ, ಬಾಗಿಲು ತೆರೆದಾಗಲೆಲ್ಲ ಒಂದು ಅಲೆ ತುಪ್ಪದ ವಾಸನೆ. ಅಜ್ಜಿಗೆ ಯಾರೋ ಅಪರಿಚಿತರು ಕೂರಲು ಜಾಗ ಬಿಟ್ಟುಕೊಟ್ಟರು. ಮಗಳು ರಸಾಯನಶಾಸ್ತ್ರದ ಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದಳು. ತೆಗೆಯಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಹೆಸರು ಕೂಗಿದರು. ಮಾಣಿ ಒಂದು ಕೈಯ ಉದ್ದಕ್ಕೂ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬಂದು, ಇಸ್ಪೀಟು ಹಂಚುವವನ ಹಾಗೆ ಮೇಜಿನ ಮೇಲೆ ಇಳಿಸಿದ. ಐದು ಜನಕ್ಕೆ ಐದು ದೋಸೆ, ಒಂದೇ ಗಳಿಗೆಗೆ. ಚಟ್ನಿಯವನು ಹಿಂದೆಯೇ ಬಂದ. ತಾಯಿ ದೋಸೆಯ ಅಂಚು ಮುರಿದು ಬಾಯಿಗಿಟ್ಟರು. ಒಳಗಿನ ಪಲ್ಯ ಸುಟ್ಟಿತು. “ಅಬ್ಬಾ, ಎಷ್ಟು ಬಿಸಿ ಇದೆ!” ಎಂದು ನಕ್ಕು ಬಾಯಿಗೆ ಗಾಳಿ ಹಾಕಿಕೊಂಡರು. ಮೊದಲ ಸಲ ದೋಸೆ ತಿಂದವರ ಹಾಗಿತ್ತು ಆ ನಗು.

ಮಗಳು ತಲೆಯೆತ್ತಿ ನೋಡಿದಳು. ಆಮೇಲೆ ಮಾತಿಲ್ಲದೆ ತನ್ನ ತಟ್ಟೆ ನೋಡಿಕೊಂಡಳು. ಹದಿನೇಳು ವರ್ಷದಲ್ಲಿ ಅವಳು ಈ ತಾಯಿಯ ಕೈಯಿಂದ ಎಷ್ಟು ದೋಸೆ ತಿಂದಿರಬಹುದು? ಭಾನುವಾರಕ್ಕೆ ಮೂರರಂತೆ ಹಿಡಿದರೂ ಎರಡು ಸಾವಿರ ದಾಟುತ್ತದೆ. ಅಷ್ಟರಲ್ಲಿ ಒಂದು ದಿನವೂ ತಾಯಿ ಬಿಸಿ ದೋಸೆ ತಿಂದದ್ದನ್ನು ಅವಳು ನೋಡಿರಲಿಲ್ಲ. ಎಲ್ಲರೂ ಎದ್ದ ಮೇಲೆ ಪಾತ್ರೆಯ ತಳ ಕೆರೆದ ಹಿಟ್ಟಿನಲ್ಲಿ ಆಗುವಷ್ಟು ಹುಯ್ದು, ಒಲೆಯ ಪಕ್ಕದಲ್ಲೇ ನಿಂತು, ಉಳಿದ ಚಟ್ನಿಯಲ್ಲಿ ಅದ್ದಿ ತಿಂದು ಕೈ ತೊಳೆಯುವುದು. ಆ ಹೊತ್ತಿಗೆ ಮಗಳು ಪುಸ್ತಕದ ಮುಂದೆ, ಮಗ ಟಿ.ವಿ. ಮುಂದೆ.

“ಅಮ್ಮ, ಮನೇಲಿ ನೀನು ಬಿಸಿ ದೋಸೆ ತಿನ್ನೋದೇ ಇಲ್ವಲ್ಲ?”

“ತಿಂತೀನಲ್ಲೇ, ಕೊನೇಲಿ.”

“ಕೊನೇದು ಬಿಸಿ ಇರತ್ತೆ, ನಿಜ” ಎಂದರು ಅಜ್ಜಿ. “ಆದ್ರೆ ಜೊತೆಗೆ ಯಾರೂ ಇರಲ್ಲ.”

ತಂದೆ ಏನೋ ಹೇಳಲು ಹೋಗಿ ಕಾಫಿ ತರಿಸಿದರು. ಗಂಡಸರಿಗೆ ಇಂಥ ಹೊತ್ತಿನಲ್ಲಿ ಕಾಫಿಯಷ್ಟು ಒಳ್ಳೆಯ ಅಡಗುದಾಣ ಇನ್ನೊಂದಿಲ್ಲ.

ಮುಂದಿನ ಭಾನುವಾರ ಟೆಸ್ಟು ಮುಗಿಸಿ ಬಂದ ಮಗಳು ನೇರ ಅಡುಗೆಮನೆಗೆ ಹೋಗಿ ತಾಯಿಯ ಕೈಯಿಂದ ಸೌಟು ಕಸಿದುಕೊಂಡಳು. “ನೀನು ಹೋಗಿ ಕೂತ್ಕೋ.” ತಾಯಿ ಹೋಗಿ ಕೂತರು. ಒಂದು ನಿಮಿಷಕ್ಕೆ ಎದ್ದು ಬಂದರು. ಉರಿ ಜಾಸ್ತಿಯಾಯಿತು ಎಂದರು. ಮತ್ತೆ ಕೂತರು, ಮತ್ತೆ ಎದ್ದರು. ಸೊಸೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡವರು ಅಜ್ಜಿ. “ಕೂತ್ಕೋ ಸುಮ್ನೆ. ಹರಿದರೆ ಹರೀಲಿ, ದೋಸೆ ತಾನೆ.”

“ಅಲ್ಲ ಅತ್ತೆ, ಅವಳಿಗೆ ಓದೋಕೆ...”

“ಅರ್ಧ ಗಂಟೇಲಿ ಏನೂ ಮುಳುಗಿಹೋಗಲ್ಲ.”

ಇಲ್ಲಿ ಹೆತ್ತವರ ಒಂದು ಕಷ್ಟವನ್ನೂ ಹೇಳಬೇಕು. ಪರೀಕ್ಷೆಯ ವರ್ಷ ಮಕ್ಕಳ ಕೈಯಲ್ಲಿ ಒಂದು ಲೋಟ ನೀರನ್ನೂ ತರಿಸದ ಮನೆಗಳಿವೆ. ಅದು ಪ್ರೀತಿಯೇ, ಅನುಮಾನವಿಲ್ಲ. ಮಗುವಿನ ಅರ್ಧ ಗಂಟೆಗೆ ಬೆಲೆ ಕಟ್ಟುವ ತಾಯಿ ತನ್ನ ಅರ್ಧ ಗಂಟೆಯನ್ನು ಮಾತ್ರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹನ್ನೆರಡು ದೋಸೆಯ ಲೆಕ್ಕ ಹಾಕಿದ ಹುಡುಗ ಕಲಿತದ್ದು ಅಲ್ಲಿಂದಲೇ ಇರಬೇಕು.

ಮಗಳ ಮೊದಲ ದೋಸೆ ಹೆಂಚಿನಿಂದ ಏಳಲೇ ಇಲ್ಲ. ಎರಡನೆಯದಕ್ಕೆ ಉರಿ ಏರಿಸಿ ನೀರು ಚಿಮುಕಿಸಿದಳು. ಹನಿಗಳು ಆವಿಯಾಗುವ ಬದಲು ಗೋಲಿಗಳ ಹಾಗೆ ಹೆಂಚಿನ ತುಂಬ ಓಡಾಡಿದವು. ಅವಳಿಗೆ ಭೌತಶಾಸ್ತ್ರ ನೆನಪಾಯಿತು. ಹದಿನೆಂಟನೇ ಶತಮಾನದ ಜರ್ಮನ್ ವೈದ್ಯ ಲೈಡೆನ್‌ಫ್ರಾಸ್ಟ್ ಕಾದು ಕೆಂಪಾದ ಕಬ್ಬಿಣದ ಚಮಚದಲ್ಲಿ ನೀರಿನ ಹನಿ ಬಿಟ್ಟು ನೋಡಿ 1756ರಲ್ಲಿ ಬರೆದದ್ದು ಇದನ್ನೇ. ಲೋಹ ಸುಮಾರು 200 ಡಿಗ್ರಿ ದಾಟಿದರೆ ಹನಿಯ ಕೆಳಗೆ ಆವಿಯ ತೆಳು ಹಾಸು ಹುಟ್ಟುತ್ತದೆ. ಹನಿ ಅದರ ಮೇಲೆ ತೇಲುತ್ತದೆ, ಬೇಗ ಆರುವುದಿಲ್ಲ. ಇದನ್ನೆಲ್ಲ ಅವಳು ತಮ್ಮನಿಗೆ ವಿವರಿಸುವಷ್ಟರಲ್ಲಿ ಹೆಂಚು ಇನ್ನಷ್ಟು ಕಾದು, ಹುಯ್ದ ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಂಡಿತು. “ನೀರು ಓಡಾಡಬಾರದು, ಚುಂಯ್ ಅನ್ನಬೇಕು” ಎಂದು ತಾಯಿ ಕೂತಲ್ಲಿಂದಲೇ ಹೇಳಿದರು. “ಅರ್ಧ ಈರುಳ್ಳಿ ತಗೊಂಡು ಎಣ್ಣೆ ಸವರು. ಮಧ್ಯದಿಂದ ಶುರುಮಾಡು. ಒತ್ತಬೇಡ.” ಲೈಡೆನ್‌ಫ್ರಾಸ್ಟ್ ಗೊತ್ತಿಲ್ಲದೆಯೂ ಎಷ್ಟು ಸಾವಿರ ಸಲ ಈ ಕೈ ಉರಿ ತಗ್ಗಿಸಿತ್ತೋ!

ಮೂರನೆಯದು ಎದ್ದಿತು. ದುಂಡಗಿರಲಿಲ್ಲ. ಒಂದು ಕಡೆ ಕರ್ನಾಟಕದ ನಕ್ಷೆಯ ಬೀದರಿನ ಹಾಗೆ ಮೇಲಕ್ಕೆ ಚಾಚಿತ್ತು. ಹುಡುಗ ತಟ್ಟೆ ಒಡ್ಡಿದ. ಮಗಳು ಅದನ್ನು ದಾಟಿಸಿ ತಾಯಿಯ ತಟ್ಟೆಗೆ ಹಾಕಿದಳು. ತಾಯಿ ಅಭ್ಯಾಸಬಲದಿಂದ ಅದನ್ನು ಅತ್ತೆಯ ತಟ್ಟೆಗೆ ಎತ್ತಿಡಲು ಹೋದರು. ಅಜ್ಜಿ ತಮ್ಮ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟರು.

ಅಲ್ಲಿಂದ ಮುಂದೆ ಸರದಿ ಬಂತು. ಎರಡು ದೋಸೆಗೊಬ್ಬರಂತೆ ಎದ್ದು ಹೆಂಚಿನ ಮುಂದೆ ನಿಲ್ಲುವುದು. ತಂದೆಯ ದೋಸೆ ದಪ್ಪ, ಒಳಗೆ ಹಸಿ. ಅವರು ಅದನ್ನು ಸೆಟ್ ದೋಸೆ ಎಂದು ಕರೆದು ಮರ್ಯಾದೆ ಉಳಿಸಿಕೊಂಡರು. ಹುಡುಗನಿಗೆ ಮಗುಚುವುದರಲ್ಲಿ ಆಸಕ್ತಿ, ಹುಯ್ಯುವುದರಲ್ಲಿ ಇಲ್ಲ. ಮನೆಯ ದೋಸೆಯ ರುಚಿ ಆ ಮೂರು ತಿಂಗಳು ಇಳಿದದ್ದು ನಿಜ. ಆದರೆ ತಿಂಡಿ ಮುಗಿಯಲು ಒಂದು ಗಂಟೆ ಹಿಡಿಯತೊಡಗಿತು. ಎದ್ದು ಕೂತು, ಕೂತು ಎದ್ದು, ಟೆಸ್ಟಿನ ಅಂಕದ ಮಾತು ಬಂದರೂ ಮಧ್ಯೆ ಯಾರಾದರೂ “ಸೀದುಹೋಯ್ತು!” ಎಂದು ಕೂಗಿ ಅದು ಅಲ್ಲಿಗೇ ನಿಲ್ಲುತ್ತಿತ್ತು. ಒಂದು ಭಾನುವಾರ ಮಗಳು ತಾನಾಗಿಯೇ ಹೇಳಿದಳು, ಆ ವಾರದ ಅಂಕ ಕಡಿಮೆ ಎಂದು, ಊರಲ್ಲೇ ಸೀಟು ಸಿಗುವುದು ಕಷ್ಟ ಎಂದು. ಹೆಂಚಿನ ಕಡೆ ಮುಖ ಮಾಡಿ ನಿಂತು, ಯಾರನ್ನೂ ನೋಡದೆ ಹೇಳಿದಳು. ಎದುರು ಕೂತು ಹೇಳಲು ಅವಳಿಗೆ ಆಗುತ್ತಿರಲಿಲ್ಲವೇನೋ.

ಸಿಗಲಿಲ್ಲ. ಮಂಗಳೂರಿನಲ್ಲಿ ಸಿಕ್ಕಿತು. ಮಳೆಗಾಲದಲ್ಲಿ ಟ್ರಂಕು ಹಾಸಿಗೆ ಬಸ್ಸಿಗೆ ಏರಿದವು.

ಹಾಸ್ಟೆಲಿನಲ್ಲಿ ಭಾನುವಾರ ತಿಂಡಿಯ ಹೊತ್ತಿಗೆ ಹುಡುಗಿಯರು ಏಳುವುದಿಲ್ಲ. ಎದ್ದಾಗ ಮೆಸ್ಸಿನಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ಹತ್ತು ಹತ್ತೂವರೆಗೆ ನಾಲ್ಕೈದು ಜನ ಗುಂಪು ಕಟ್ಟಿಕೊಂಡು ಎದುರಿನ ಸಣ್ಣ ಹೋಟೆಲಿಗೆ ಹೋಗಿ ಗೋಳಿಬಜೆ, ನೀರುದೋಸೆ ಹೇಳುತ್ತಾರೆ. ನೀರುದೋಸೆಗೆ ಹುದುಗುವುದು ಬೇಡ, ಅಕ್ಕಿ ನೆನೆಸಿ ರುಬ್ಬಿ ನೀರಾಗಿಸಿ ಆಗಲೇ ಹುಯ್ಯಬಹುದು ಎಂಬುದನ್ನು ಅವಳು ಮೊದಲ ವಾರವೇ ಮನೆಗೆ ವರದಿ ಮಾಡಿದಳು. ನಡುರಾತ್ರಿ ಏಳುವ ಕೆಲಸವಿಲ್ಲ ಎಂದು ಸೇರಿಸಿದಳು. ತಾಯಿ ನಕ್ಕರು. ಹನುಮಂತನಗರದಲ್ಲಿ ಮಾತ್ರ ಹಳೆಯ ಹಿಟ್ಟೇ ನಡೆಯುತ್ತಿದೆ. ಕೋಚಿಂಗ್ ಇಲ್ಲದಿದ್ದರೂ ಹೊತ್ತು ಹತ್ತೂವರೆಯಲ್ಲೇ ನಿಂತುಬಿಟ್ಟಿದೆ.

ಮೊನ್ನೆ ಒಂದು ಭಾನುವಾರ ನೀರುದೋಸೆಗೆ ಕಾಯುತ್ತ ಅವಳು ಮನೆಗೆ ಫೋನು ಮಾಡಿದಳು. ತಮ್ಮ ಎತ್ತಿಕೊಂಡ. ಹಿಂದೆ ಹೆಂಚು ಚುಂಯ್ ಎನ್ನುವುದು ಕೇಳಿಸುತ್ತಿತ್ತು.

“ಅಮ್ಮಂಗೆ ಕೊಡೋ.”

“ಅಮ್ಮ ತಿಂತಾ ಇದಾರೆ. ಆಮೇಲೆ ಮಾಡು, ದೋಸೆ ಸೀಯತ್ತೆ” ಎಂದು ಇಟ್ಟುಬಿಟ್ಟ.